ಊರಿನ ಚಿತ್ರವನ್ನು ಊರಲ್ಲೇ ಕುಳಿತು ಬರೆಯಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ನಿಮ್ಮ ಪತ್ರಿಕೆಯ ಮಕ್ಕಳ ಪುಟದಲ್ಲಿ ‘ನನ್ನ ಊರು’ ಎಂಬ ವಿಷಯಕ್ಕೆ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಮಕ್ಕಳು ಬರೆದು ಕಳುಹಿಸಿದ ಆರು ಚಿತ್ರಗಳು ಪ್ರಕಟವಾಗಿದ್ದವು. ಅವುಗಳಲ್ಲಿ ಐದು ಚಿತ್ರಗಳಲ್ಲಿ ಎರಡು ತ್ರಿಕೋನದ ಗುಡ್ಡಗಳು, ಆ ಗುಡ್ಡಗಳ ನಡುವೆ ಕಿರಣ ಚೆಲ್ಲುವ ಸೂರ್ಯ, ಸೂರ್ಯನ ಬುಡದಿಂದಲೇ ಹೊರಟು ಬಳುಕುತ್ತಾ ಮುಂದೆ ಬರುವ ನದಿ, ದಡದಲ್ಲೊಂದು ಗುಡಿಸಲು, ಗುಡಿಸಲಿಗೆ ಬಾಗಿದ ತೆಂಗಿನ ಮರ ಇದ್ದವು. ಮೂಡಿಗೆರೆಯ ಮಗುವಿನ ಊರೂ ಅರಸೀಕೆರೆಯ ಮಗುವಿನ ಊರೂ ಒಂದೇ ಆಗಿಬಿಟ್ಟಿತ್ತು. ಆ ಮಕ್ಕಳ ಮೇಲೆ ನನಗೆ ಯಾವ ದೂರೂ ಇಲ್ಲ. ನಾನು 32 ವರ್ಷ ಈ ಜಿಲ್ಲೆಯ ಪ್ರೌಢಶಾಲೆಗಳಲ್ಲಿ ಚಿತ್ರಕಲಾ ಶಿಕ್ಷಕಿಯಾಗಿದ್ದವಳು, ಸೇವೆಯ ಮೊದಲ ಅರ್ಧದಲ್ಲಿ ಆ ತ್ರಿಕೋನದ ಗುಡ್ಡವನ್ನು ಕಪ್ಪು ಹಲಗೆಯ ಮೇಲೆ ನಾನೇ ಬರೆದು ತೋರಿಸಿದ್ದೇನೆ, ಮಕ್ಕಳು ಅದನ್ನು ನೋಡಿ ಅಚ್ಚುಕಟ್ಟಾಗಿ ನಕಲು ಮಾಡಿದಾಗ ಹತ್ತಕ್ಕೆ ಒಂಬತ್ತು ಅಂಕವನ್ನೂ ಕೊಟ್ಟಿದ್ದೇನೆ.

ಆರನೆಯ ಚಿತ್ರ ಮಾತ್ರ ಬೇರೆಯದಾಗಿತ್ತು. ಸಕಲೇಶಪುರ ತಾಲ್ಲೂಕಿನ ಒಂದು ಮಗು ತನ್ನ ಮನೆಯ ಮುಂದಿನ ಕಾಫಿ ಕಣವನ್ನು ಬರೆದಿತ್ತು. ಕಣದ ಒಂದು ಅಂಚಿನಲ್ಲಿ, ಮಳೆ ಬಂದರೆ ತಕ್ಷಣ ಮುಚ್ಚಲು ಮಡಚಿಟ್ಟ ನೀಲಿ ಟಾರ್ಪಾಲು, ಹಿಂದೆ ಸಾಲಾಗಿ ನಿಂತ ಸಿಲ್ವರ್ ಓಕ್ ಮರಗಳು, ಅವುಗಳಿಗೆ ಹಬ್ಬಿದ ಮೆಣಸಿನ ಬಳ್ಳಿ, ಮರಗಳ ಸಂದಿನಲ್ಲಿ ಕಾಣುವ ದುಂಡನೆಯ ಬೋಳುಗುಡ್ಡ. ಮರಗಳು ಸೊಟ್ಟಗಿದ್ದವು, ಕಣ ನೆಲಕ್ಕೆ ತಾಗದೆ ತೇಲುವಂತಿತ್ತು, ಆದರೆ ಆ ಚಿತ್ರವನ್ನು ಕೈಯಲ್ಲಿ ಹಿಡಿದು ಹೊರಟರೆ ಆ ಮನೆಯನ್ನು ಹುಡುಕಿ ತಲುಪಬಹುದಿತ್ತು. ಪುಟದ ಕೆಳಮೂಲೆಯಲ್ಲಿ ಅದಕ್ಕೆ ಬೆಂಕಿಪೊಟ್ಟಣದಷ್ಟು ಜಾಗ ಸಿಕ್ಕಿತ್ತು. ಆ ಚಿತ್ರದ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ತುಸು ದೀರ್ಘವಾದರೆ ಕ್ಷಮಿಸಿ.

ನನ್ನ ಹುಟ್ಟೂರು ಹೇಮಾವತಿಯ ದಡದಲ್ಲಿ, ಶೆಟ್ಟಿಹಳ್ಳಿಯ ಆಸುಪಾಸಿನಲ್ಲಿತ್ತು. ‘ಇತ್ತು’ ಎಂದು ಬರೆಯುವುದೇಕೆಂದು ಹಾಸನದ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಗೊರೂರಿನ ಅಣೆಕಟ್ಟು 1979ರಲ್ಲಿ ಪೂರ್ಣಗೊಂಡಿತು, ಹಿನ್ನೀರು ಏರಿತು, ಗದ್ದೆಗಳೂ ಮನೆಗಳೂ ನೀರಿನಡಿಗೆ ಹೋದವು. ಆ ನೀರು ಎಷ್ಟೋ ತಾಲ್ಲೂಕುಗಳ ಗದ್ದೆಗಳಿಗೆ ಹರಿಯಿತು ಎಂಬುದನ್ನು ನಾನು ಮರೆತಿಲ್ಲ. ನಾವು ಹಾಸನದ ಅಂಚಿನ ಬಡಾವಣೆಯೊಂದಕ್ಕೆ ಬಂದು ನೆಲೆಸಿದೆವು. ಮನೆಯಲ್ಲಿ ಊರಿನ ಒಂದು ಫೋಟೊ ಕೂಡ ಇರಲಿಲ್ಲ, ಏಕೆಂದರೆ ಆ ಕಾಲದಲ್ಲಿ ನಮ್ಮಂಥವರ ಮನೆಯಲ್ಲಿ ಫೋಟೊ ಎಂದರೆ ಮದುವೆಯ ದಿನ ಸ್ಟುಡಿಯೊದ ಪರದೆಯ ಮುಂದೆ ನಿಂತು ತೆಗೆಸಿಕೊಂಡದ್ದು ಮಾತ್ರ.

2004ರಲ್ಲಿ ಅಪ್ಪ ತೀರಿಕೊಂಡ ಮೇಲೆ ಅವರ ಕಬ್ಬಿಣದ ಟ್ರಂಕನ್ನು ತೆರೆದಾಗ, ಜಮೀನಿನ ಹಳೆಯ ಪಹಣಿ ಮತ್ತು ಪರಿಹಾರದ ಕಾಗದಗಳ ನಡುವೆ ನಾಲ್ಕು ಮಡಿಕೆಯ ಒಂದು ಡ್ರಾಯಿಂಗ್ ಹಾಳೆ ಸಿಕ್ಕಿತು. ಮೇಲೆ ನನ್ನದೇ ಕೈಬರಹದಲ್ಲಿ ‘ನನ್ನ ಊರು, 7ನೇ ತರಗತಿ’ ಎಂದಿತ್ತು. ಅದನ್ನು ಬಿಡಿಸುವಾಗ ನನ್ನ ಕೈ ನಡುಗಿತು. ಮುಳುಗಿಹೋದ ಊರಿನ ಒಂದು ಚಿತ್ರ ಉಳಿದಿದೆ, ಅದನ್ನು ಅಪ್ಪ 30 ವರ್ಷಕ್ಕೂ ಹೆಚ್ಚು ಕಾಲ ಜೋಪಾನ ಮಾಡಿದ್ದಾರೆ ಎಂದುಕೊಂಡೆ. ಹಾಳೆಯನ್ನು ಪೂರ್ತಿ ಬಿಡಿಸಿ ನೋಡಿದರೆ ಎರಡು ತ್ರಿಕೋನದ ಗುಡ್ಡ, ನಡುವೆ ಸೂರ್ಯ, ಬಳುಕುವ ನದಿ, ಗುಡಿಸಲು, ತೆಂಗಿನ ಮರ. ನಮ್ಮೂರಿನಲ್ಲಿ ಗುಡ್ಡವೇ ಇರಲಿಲ್ಲ, ಹಸು ಮೇಯುವ ತಗ್ಗಾದ ದಿಣ್ಣೆಗಳಿದ್ದವು. ನಮ್ಮ ಮನೆ ನಾಡಹೆಂಚಿನದು, ಮುಂದೆ ಜಗಲಿ, ಪಕ್ಕದಲ್ಲಿ ದನದ ಕೊಟ್ಟಿಗೆ. ಹೊಳೆಗೆ ಇಳಿಯಲು ಕಲ್ಲಿನ ಮೆಟ್ಟಿಲಿದ್ದವು, ಅವ್ವ ಬಟ್ಟೆ ಒಗೆಯುತ್ತಿದ್ದ ಬಂಡೆ ಒಂದು ಕಡೆ ಸವೆದು ಬೋಗುಣಿಯಂತೆ ಆಗಿತ್ತು. ಅದರಲ್ಲಿ ಯಾವುದೂ ಆ ಹಾಳೆಯಲ್ಲಿ ಇರಲಿಲ್ಲ. ಊರಿನಲ್ಲೇ ಕುಳಿತು, ಊರಿನ ಶಾಲೆಯಲ್ಲೇ, ನಾನು ಊರನ್ನು ಒಮ್ಮೆಯೂ ಕಣ್ಣೆತ್ತಿ ನೋಡದೆ ಊರಿನ ಚಿತ್ರ ಬರೆದಿದ್ದೆ. ಬದುಕಿನಲ್ಲಿ ಅನೇಕ ನಷ್ಟಗಳನ್ನು ಕಂಡಿದ್ದೇನೆ, ಆದರೆ ಈ ಹಾಳೆ ಕೊಟ್ಟ ನೋವು ಈಗಲೂ ಹೊಸದಾಗಿಯೇ ಇದೆ.

ಅದರ ಮರುವರ್ಷದಿಂದ ಪ್ರತಿ ಬೇಸಿಗೆಯಲ್ಲಿ ನಾನು ಆ ಜಾಗಕ್ಕೆ ಹೋಗಿ ಕುಳಿತು ಚಿತ್ರ ಬರೆಯುತ್ತಿದ್ದೇನೆ. ಯಾವಾಗ ಹೋಗಬೇಕೆಂದು ನನಗೆ ತಿಳಿಸುವುದು ನಿಮ್ಮ ಪತ್ರಿಕೆಯೇ. ಒಳಪುಟದ ಮೂಲೆಯಲ್ಲಿ ನೀವು ಅಚ್ಚು ಮಾಡುವ ಜಲಾಶಯಗಳ ಮಟ್ಟದ ಪಟ್ಟಿಯನ್ನು ರೈತರು ನಾಲೆಗೆ ನೀರು ಬಿಡುವ ಲೆಕ್ಕಕ್ಕೆ ನೋಡಿದರೆ, ನಾನು ನೋಡುವುದು ಊರು ಎಷ್ಟು ಕಾಣುತ್ತದೆ ಎಂಬ ಲೆಕ್ಕಕ್ಕೆ. ಹೇಮಾವತಿಯ ಗರಿಷ್ಠ ಮಟ್ಟ 2922 ಅಡಿ. ಜಲಾಶಯ ತುಂಬಿದ ದಿನಗಳಲ್ಲಿ ನಮ್ಮೂರಿನ ಗುರುತೇ ಇರುವುದಿಲ್ಲ. ಏಪ್ರಿಲ್‌ನ ಹೊತ್ತಿಗೆ ನೀರು ಚೆನ್ನಾಗಿ ಇಳಿದ ವರ್ಷಗಳಲ್ಲಿ ಮೊದಲು ದಿಣ್ಣೆಯ ನೆತ್ತಿ, ಆಮೇಲೆ ಒಣಗಿದ ಮರದ ಬೊಡ್ಡೆಗಳು, ಇನ್ನೂ ಇಳಿದರೆ ಮನೆಗಳ ತಳಪಾಯದ ಕಲ್ಲುಗಳು ಕಾಣುತ್ತವೆ. ಮಳೆ ಚೆನ್ನಾಗಿ ಆದ ವರ್ಷದ ಮರುಬೇಸಿಗೆಯಲ್ಲಿ ತಳಪಾಯ ಕಾಣುವುದೇ ಇಲ್ಲ. ಬರಗಾಲದ ವರ್ಷದಲ್ಲಿ ಜಿಲ್ಲೆಯ ಜನ ಆಕಾಶ ನೋಡುತ್ತಾ ಸಂಕಟಪಡುವಾಗ, ನನ್ನ ಮನೆಯ ಹೊಸ್ತಿಲ ಕಲ್ಲು ನನಗೆ ಕಾಣುತ್ತದೆ. ಆ ಹೊಸ್ತಿಲ ಮೇಲೆ ಕುಳಿತ ದಿನಗಳಲ್ಲಿ ಸಂತೋಷಪಡಲು ಮನಸ್ಸು ಒಪ್ಪಿಲ್ಲ.

ಶೆಟ್ಟಿಹಳ್ಳಿಗೆ ಈಗ ತುಂಬ ಜನ ಬರುತ್ತಾರೆ. 19ನೇ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು, ಛಾವಣಿ ಹೋಗಿ ಗೋಡೆ ಕಮಾನುಗಳಷ್ಟೇ ಉಳಿದು, ಮಳೆಗಾಲದಲ್ಲಿ ಅರ್ಧ ನೀರಿನಲ್ಲಿ ನಿಲ್ಲುವ ದೃಶ್ಯ ಎಲ್ಲರ ಫೋನುಗಳಲ್ಲಿದೆ. ಚಿತ್ರಕಾರರೂ ಅದನ್ನೇ ಬರೆಯುತ್ತಾರೆ. ಅದು ಭವ್ಯವಾದ ಕಟ್ಟಡ ಎಂಬುದರಲ್ಲಿ ಸಂದೇಹವಿಲ್ಲ, ಬರೆಯಬಾರದೆಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ಬಾಲ್ಯವನ್ನು ಅಲ್ಲಿ ಕಳೆದ ನನಗೆ ಬರೆಯಬೇಕೆನಿಸುವುದು ಚರ್ಚಿನ ಕಡೆಗೆ ಹೋಗುತ್ತಿದ್ದ ಗಾಡಿದಾರಿ, ಆ ದಾರಿ ಹಳ್ಳ ದಾಟುತ್ತಿದ್ದ ಜಾಗ, ಬಾವಿಯ ಕಟ್ಟೆಯ ಉಳಿದ ನಾಲ್ಕು ಕಲ್ಲು. ಇವುಗಳ ಚಿತ್ರವನ್ನು ನಾವು ಬರೆಯದಿದ್ದರೆ ಇನ್ಯಾರೂ ಬರೆಯುವುದಿಲ್ಲ, ಏಕೆಂದರೆ ಇನ್ಯಾರಿಗೂ ಅವು ಏನೆಂದು ಗೊತ್ತಿಲ್ಲ.

ಸ್ಥಳದಲ್ಲೇ ಕುಳಿತು ಬರೆಯುವ ಕೆಲಸ ನನಗೆ ಕಲಿಸಿದ ಕೆಲವು ಸಂಗತಿಗಳನ್ನು ಹೇಳುತ್ತೇನೆ, ಚಿತ್ರ ಬರೆಯುವ ಓದುಗರಿಗೆ ಉಪಯೋಗವಾಗಬಹುದು. ನೀರು ಇಳಿದ ನೆಲದ ಬಣ್ಣ ಕಂದು ಎಂದು ಭಾವಿಸಿ ಮೊದಲ ವರ್ಷ ಟ್ಯೂಬಿನ ಕಂದು ಬಣ್ಣವನ್ನೇ ಬಳಿದೆ. ಎರಡು ಗಂಟೆ ನೋಡಿದ ಮೇಲೆ ಗೊತ್ತಾಯಿತು, ಒಣಗಿ ಬಿರಿದ ಮೆಕ್ಕಲು ಬೂದು ಬಣ್ಣದ್ದು, ಬಿರುಕಿನ ಒಳಗೆ ಮಾತ್ರ ಹಸಿ ಕಂದು. ಅಲ್ಟ್ರಾಮರೀನ್ ನೀಲಿಗೆ ಬರ್ಂಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣ ಬೆರೆಸಿದರೆ ಆ ಬೂದು ಬರುತ್ತದೆ, ಸಿಯೆನ್ನಾ ತುಸು ಹೆಚ್ಚಾದರೆ ಬೆಳಗಿನ ನೆಲ, ನೀಲಿ ಹೆಚ್ಚಾದರೆ ಮೋಡ ಕವಿದ ಸಂಜೆಯ ನೆಲ. ನೀರಿನ ಅಂಚಿಗೆ ಹೊಸದಾಗಿ ಚಿಗುರಿದ ಹುಲ್ಲಿನ ಹಸಿರು ಎಷ್ಟು ಎಳೆಯದೆಂದರೆ ಅದಕ್ಕೆ ಹಳದಿಯೇ ಮುಖ್ಯ, ಹಸಿರು ನೆಪಕ್ಕೆ. ಏಪ್ರಿಲ್ ಬಿಸಿಲಿನಲ್ಲಿ ಜಲವರ್ಣದ ಒಂದು ವಾಶ್, ಎಂದರೆ ನೀರು ಬೆರೆಸಿ ತೆಳುವಾಗಿ ಹರಡುವ ಬಣ್ಣ, ಹಾಳೆಯ ಅರ್ಧಕ್ಕೆ ಬರುವಷ್ಟರಲ್ಲಿ ಮೇಲಿನ ಅರ್ಧ ಒಣಗಿ ಗೆರೆ ಬಿದ್ದುಬಿಡುತ್ತದೆ. ಆದ್ದರಿಂದ ಹಾಳೆಯನ್ನು ಎರಡೂ ಬದಿ ನೆನೆಸಿ ಹಲಗೆಗೆ ಅಂಟಿಸಿಕೊಂಡು, ಬೆಳಿಗ್ಗೆ ಒಂಬತ್ತರೊಳಗೆ ದೊಡ್ಡ ಬಣ್ಣಗಳನ್ನೆಲ್ಲ ಮುಗಿಸಬೇಕು. ಮಲೆನಾಡಿನ ಕಡೆ ಜುಲೈನಲ್ಲಿ ಬರೆಯಲು ಹೋದಾಗ ಇದಕ್ಕೆ ತದ್ವಿರುದ್ಧ ಅನುಭವ, ಅಲ್ಲಿ ಬಣ್ಣ ಒಣಗುವುದೇ ಇಲ್ಲ, ಎರಡನೆಯ ಬಣ್ಣ ಹಾಕಿದರೆ ಮೊದಲನೆಯದರೊಳಗೆ ಹರಿದು ಕೆಸರಾಗುತ್ತದೆ.

ಫೋನಿನಲ್ಲಿ ಫೋಟೊ ತೆಗೆದು ಮನೆಯಲ್ಲಿ ಕುಳಿತು ಬರೆಯಬಹುದಲ್ಲ ಎಂದು ಶಿಷ್ಯರು ಕೇಳುತ್ತಾರೆ. ಆ ಪ್ರಯೋಗವನ್ನೂ ಮಾಡಿದ್ದೇನೆ. ಫೋನಿನ ಅಗಲ ನೋಟದ ಮಸೂರ ಹತ್ತಿರದ ಕಲ್ಲನ್ನು ದೊಡ್ಡದು ಮಾಡಿ ದೂರದ ದಿಣ್ಣೆಯನ್ನು ಕುಗ್ಗಿಸಿಬಿಡುತ್ತದೆ. ಆಕಾಶಕ್ಕೆ ಬೆಳಕು ಹೊಂದಿಸಿದರೆ ನೆಲ ಕಪ್ಪಾಗುತ್ತದೆ, ನೆಲಕ್ಕೆ ಹೊಂದಿಸಿದರೆ ಆಕಾಶ ಬಿಳಿಚಿಕೊಳ್ಳುತ್ತದೆ. ಬಾಲ್ಯದಲ್ಲಿ ನಾವು ಹತ್ತಿ ಇಳಿದ ದಿಣ್ಣೆ ನಮ್ಮ ಕಣ್ಣಿಗೆ ಎಷ್ಟು ದೊಡ್ಡದಾಗಿತ್ತೋ ಅದರ ಅಳತೆ ಫೋಟೊದಲ್ಲಿ ಸಿಗುವುದಿಲ್ಲ. ಆ ನೆಲದ ಮೇಲೆ ಕುಳಿತು ಪೆನ್ಸಿಲನ್ನು ಕಣ್ಣಿನೆದುರು ಹಿಡಿದು ಅಳೆದಾಗ ಸಿಗುತ್ತದೆ. ಫೋಟೊವನ್ನು ನೆನಪಿಗೆಂದು ಇಟ್ಟುಕೊಳ್ಳುವುದರಲ್ಲಿ ತಪ್ಪಿಲ್ಲ, ಅದನ್ನೇ ಊರೆಂದು ತಿಳಿಯಬಾರದು ಎಂಬುದಷ್ಟೇ ನನ್ನ ವಿನಂತಿ.

ಇನ್ನೊಂದು ಲಾಭ, ಫೋಟೊ ತೆಗೆಯುವವರನ್ನು ಯಾರೂ ಮಾತನಾಡಿಸುವುದಿಲ್ಲ, ಚಿತ್ರ ಬರೆಯುತ್ತಾ ಕುಳಿತವರ ಹಿಂದೆ ಯಾರಾದರೂ ಬಂದು ನಿಂತೇ ನಿಲ್ಲುತ್ತಾರೆ. ಕೆಲವು ವರ್ಷಗಳ ಹಿಂದೆ ನಾನು ಬಾವಿಕಟ್ಟೆಯನ್ನು ಬರೆಯುತ್ತಿದ್ದಾಗ ದನ ಮೇಯಿಸಲು ಬಂದ ಹಿರಿಯರೊಬ್ಬರು ಬಹಳ ಹೊತ್ತು ಸುಮ್ಮನೆ ನಿಂತು ನೋಡಿದರು. ಅವರದೂ ಮುಳುಗಿದ ಊರೇ ಎಂದು ಆಮೇಲೆ ತಿಳಿಯಿತು. ಕೊನೆಗೆ, “ಎಲ್ಲಾ ಸರಿಯಾಗೈತೆ ಕಣವ್ವ, ಆ ಹುಣಸೆಮರ ಯಾಕ್ ಬಿಟ್‌ಬಿಟ್ಟೆ?” ಎಂದು ಕೇಳಿದರು. ಅವರು ತೋರಿಸಿದ ಕಡೆ ಏನೂ ಇರಲಿಲ್ಲ, ಒಂದು ಬೊಡ್ಡೆಯೂ ಇರಲಿಲ್ಲ. ಅವರು ಹೇಳಿದ ಮೇಲೆ ನನಗೂ ನೆನಪಾಯಿತು. ಆ ಮರದ ಕೆಳಗೆ ಸಂತೆಯಿಂದ ಬಂದ ಗಾಡಿಗಳು ನಿಲ್ಲುತ್ತಿದ್ದವು.

ಮರವನ್ನು ಚಿತ್ರಕ್ಕೆ ಸೇರಿಸಬೇಕೇ ಎಂದು ಆ ದಿನವೆಲ್ಲ ಯೋಚಿಸಿದೆ. ಸೇರಿಸಲಿಲ್ಲ. ಕಾಣುವುದನ್ನು ಕಂಡಂತೆ ಬರೆಯಬೇಕೆಂಬ ನಿಯಮವನ್ನು ಒಮ್ಮೆ ಸಡಿಲಿಸಿದರೆ ಮತ್ತೆ ಆ ಟ್ರಂಕಿನ ಹಾಳೆಯ ದಾರಿಗೇ ಹೋಗುತ್ತೇನೆಂಬ ಭಯ ನನಗಿದೆ. ಅದರ ಬದಲು ಚಿತ್ರವನ್ನು ತಿರುಗಿಸಿ, ಹಿಂಬದಿಯಲ್ಲಿ ದಿನಾಂಕ, ಸಮಯ, ಆ ದಿನದ ಪತ್ರಿಕೆಯಲ್ಲಿದ್ದ ಜಲಾಶಯದ ಮಟ್ಟ, ನಾನು ಕುಳಿತ ಜಾಗ, ಮತ್ತು ‘ಎಡಗಡೆ ಬಾವಿಯಿಂದ ಹತ್ತು ಮಾರು ದೂರದಲ್ಲಿ ಹುಣಸೆಮರವಿತ್ತು’ ಎಂದು ಬರೆದೆ. ಅಂದಿನಿಂದ ನನ್ನ ಎಲ್ಲ ಚಿತ್ರಗಳ ಹಿಂಬದಿಯಲ್ಲೂ ಇಂಥ ಬರಹವಿದೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಲಂಡನ್ನಿನ ಬಳಿಯ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳನ್ನು ನೋಡಿ ಬರೆದ ಚಿತ್ರಗಳ ಹಿಂದೆ ದಿನಾಂಕ, ವೇಳೆ, ಗಾಳಿಯ ದಿಕ್ಕನ್ನು ಗುರುತು ಹಾಕಿಡುತ್ತಿದ್ದನೆಂದು ಆಮೇಲೆ ಓದಿದೆ. ತಾನು ಹುಟ್ಟಿ ಬೆಳೆದ ಸ್ಟೌರ್ ನದಿಯ ಕಣಿವೆಯನ್ನು, ಅಪ್ಪನ ಗಿರಣಿಯನ್ನು, ಬದುಕಿನುದ್ದಕ್ಕೂ ಮತ್ತೆ ಮತ್ತೆ ಬರೆದ ಚಿತ್ರಕಾರನಿಗೆ ಆ ಅಭ್ಯಾಸವಿದ್ದದ್ದು ನನಗೆ ಧೈರ್ಯ ಕೊಟ್ಟಿತು.

ಹುಟ್ಟೂರಿಗೆ ಹೋಗದೆಯೂ ಹುಟ್ಟೂರನ್ನು ಬರೆದ ದೊಡ್ಡವರಿದ್ದಾರೆ ಎಂಬುದು ಗೊತ್ತಿದೆ. ಈಗ ಬೆಲಾರೂಸ್‌ನಲ್ಲಿರುವ ವಿಟೆಬ್‌ಸ್ಕ್ ಪಟ್ಟಣದಲ್ಲಿ ಬೆಳೆದ ಮಾರ್ಕ್ ಶಗಾಲ್, 1920ರಲ್ಲಿ ಅದನ್ನು ಬಿಟ್ಟ ಮೇಲೆ, 1985ರಲ್ಲಿ ಫ್ರಾನ್ಸಿನಲ್ಲಿ ತೀರಿಕೊಳ್ಳುವವರೆಗೂ ಆ ಊರಿನ ಮನೆ, ಬೇಲಿ, ಮೇಕೆಗಳನ್ನು ಬರೆಯುತ್ತಲೇ ಇದ್ದರು. 1973ರಲ್ಲಿ ಮಾಸ್ಕೊ ಮತ್ತು ಲೆನಿನ್‌ಗ್ರಾಡ್‌ಗಳವರೆಗೆ ಹೋಗಿಯೂ ವಿಟೆಬ್‌ಸ್ಕ್‌ಗೆ ಮಾತ್ರ ಹೋಗಲಿಲ್ಲ. ಮನಸ್ಸಿನಲ್ಲಿದ್ದ ಊರನ್ನು ಕಾಪಾಡಿಕೊಳ್ಳಲು ಅವರು ದೂರ ಉಳಿದರೇನೋ ಎಂದು ನಾನು ಊಹಿಸುತ್ತೇನೆ. ಅವರ ಮನಸ್ಸಿನಲ್ಲಿ ಊರು ಗಟ್ಟಿಯಾಗಿ ಉಳಿದಿತ್ತು. ನನ್ನಂಥ ಸಾಮಾನ್ಯರ ಮನಸ್ಸಿನಲ್ಲಿ ಊರಿನ ಜಾಗಕ್ಕೆ ಕ್ಯಾಲೆಂಡರಿನ ಚಿತ್ರ ಬಂದು ಕೂರಲು ಹೆಚ್ಚು ಕಾಲ ಬೇಕಾಗುವುದಿಲ್ಲ, ಏಳನೇ ತರಗತಿಯಲ್ಲೇ ಬಂದು ಕುಳಿತಿತ್ತು. ನಮ್ಮವರೇ ಆದ ರುಮಾಲೆ ಚನ್ನಬಸವಯ್ಯನವರು (1910–1988) ಬೆಂಗಳೂರಿನ ಹೂಬಿಟ್ಟ ಸಾಲುಮರಗಳನ್ನು ಬಯಲಿನಲ್ಲಿ ನಿಂತೇ ಬರೆದರು. ಊಟಿ ಮತ್ತು ಕೊಡೈಕೆನಾಲ್‌ಗಳಲ್ಲಿ ಕೆ. ವೆಂಕಟಪ್ಪನವರು (1886–1965) ಬರೆದ ಜಲವರ್ಣಗಳಲ್ಲಿ ಮಂಜು ಗುಡ್ಡದ ಮೇಲೆ ಬಳಿದ ಬಿಳಿಯಾಗಿರದೆ ಗುಡ್ಡದ ಒಳಗಿನಿಂದ ಎದ್ದು ಬರುತ್ತದೆ. ಬೆಂಗಳೂರಿನ ಅವರ ಹೆಸರಿನ ಗ್ಯಾಲರಿಯಲ್ಲಿ ಅವುಗಳ ಮುಂದೆ ನಿಂತಾಗ, ಆ ಚಳಿಯಲ್ಲಿ ಅವರು ಎಷ್ಟು ಬೆಳಗುಗಳನ್ನು ಕಳೆದಿರಬಹುದೆಂದು ಯೋಚಿಸಿದ್ದೇನೆ.

ಈಗ ಮಕ್ಕಳ ವಿಷಯಕ್ಕೆ ಬರುತ್ತೇನೆ. ಚಿಕ್ಕಮಗಳೂರಿನ ಗಿರಿಗಳ ಬುಡದಲ್ಲಿ, ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಯನ್ನು ದಿನವೂ ನೋಡುತ್ತಾ ಶಾಲೆಗೆ ಹೋಗುವ ಮಗು ತ್ರಿಕೋನದ ಗುಡ್ಡ ಬರೆಯುತ್ತದೆ. ಅಲ್ಲಿನ ಗುಡ್ಡಗಳು ಮಲಗಿದ ಆನೆಯ ಬೆನ್ನಿನಂತೆ ದುಂಡಗೆ ಒಂದರ ಹಿಂದೊಂದು ಸರಿದಿವೆ. ಗಾಳಿ ಹೊಡೆಯುವ ಮೈಯಲ್ಲಿ ಹುಲ್ಲು, ನೀರೂ ಮಣ್ಣೂ ನಿಲ್ಲುವ ಮಡಿಕೆಗಳಲ್ಲಿ ಶೋಲಾ ಎಂಬ ಗಿಡ್ಡ ಮರಗಳ ದಟ್ಟ ಕಾಡು. ಆ ಮಗುವಿಗೆ ಶಿಕ್ಷಕರು “ಗುಡ್ಡದಲ್ಲಿ ಮರ ಎಲ್ಲೆಲ್ಲಿದೆ, ನೋಡಿಕೊಂಡು ಬಾ” ಎಂಬ ಒಂದೇ ಪ್ರಶ್ನೆ ಕೇಳಿದರೆ ಸಾಕು, ತ್ರಿಕೋನ ತಾನಾಗಿ ಕರಗುತ್ತದೆ. ಸಕಲೇಶಪುರದ ಮಗುವಿಗೆ ಜೂನ್‌ನಿಂದ ಆಗಸ್ಟ್‌ವರೆಗೆ ಸೂರ್ಯ ಕಾಣುವುದೇ ಅಪರೂಪ. ನೆರಳೇ ಬೀಳದ ಆ ಬೆಳಕನ್ನು ಬರೆಯುವುದು ಎಂಥ ಚೆಂದದ ಕಷ್ಟ. ಕಾಫಿ ತೋಟದ ಮಕ್ಕಳು ತಮ್ಮ ಅಜ್ಜನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ತೋಟ ಮೊದಲು ಹೇಗಿತ್ತು ಎಂದು ಕೇಳಲಿ. ಅತ್ತಿ, ಹಲಸು, ಬಸರಿ, ಹೊನ್ನೆಗಳ ಹರಡಿದ ನೆರಳಿದ್ದ ಎಷ್ಟೋ ತೋಟಗಳಲ್ಲಿ ಈಗ ಆಸ್ಟ್ರೇಲಿಯಾ ಮೂಲದ ಸಿಲ್ವರ್ ಓಕ್ ಕಂಬಗಳಂತೆ ನಿಂತಿದೆ. ಬೆಳೆಗಾರರಿಗೆ ಅದಕ್ಕೆ ಅವರದೇ ಕಾರಣಗಳಿವೆ, ಅದು ಬೇಗ ಬೆಳೆಯುತ್ತದೆ, ಮೆಣಸಿಗೆ ಆಸರೆಯಾಗುತ್ತದೆ, ಮರವಾಗಿ ಮಾರಾಟವಾಗುತ್ತದೆ. ಅದು ಸರಿಯೋ ತಪ್ಪೋ ಎಂಬ ಚರ್ಚೆ ಈ ಪತ್ರದ್ದಲ್ಲ. ಆದರೆ ಆ ತೋಟದ ಆಕಾರವೇ, ಬೆಳಕು ನೆಲಕ್ಕೆ ಬೀಳುವ ರೀತಿಯೇ ಬದಲಾಗಿದೆ ಎಂಬುದು ಚಿತ್ರ ಬರೆಯುವವರ ಕಣ್ಣಿಗೆ ಬೀಳಬೇಕು. ನಾಳೆ ಇನ್ನೊಮ್ಮೆ ಬದಲಾದಾಗ ಇಂದಿನದು ಹೇಗಿತ್ತೆಂದು ತೋರಿಸಲು ಆ ಕಾಫಿ ಕಣದ ಚಿತ್ರದಂಥವು ಇರಬೇಕು.

ನನ್ನ ಕೋರಿಕೆಗಳು ದೊಡ್ಡವಲ್ಲ. ಮುಂದಿನ ಸಲ ‘ನನ್ನ ಊರು’ ಎಂದು ಚಿತ್ರಗಳನ್ನು ಆಹ್ವಾನಿಸುವಾಗ, ಮನೆಯ ಜಗಲಿಯಲ್ಲೋ ಗದ್ದೆಯ ಬದುವಿನಲ್ಲೋ ಕುಳಿತು ಎದುರಿಗೆ ಕಾಣುವುದನ್ನು ಬರೆಯಬೇಕು, ಎಲ್ಲಿ ಕುಳಿತಿದ್ದೆ, ಎಷ್ಟು ಹೊತ್ತಿಗೆ, ಎದುರಿನ ಗುಡ್ಡದ ಅಥವಾ ಕೆರೆಯ ಹೆಸರೇನು ಎಂಬುದನ್ನು ಹಿಂಬದಿಯಲ್ಲಿ ಎರಡು ಸಾಲು ಬರೆಯಬೇಕು ಎಂದು ಪ್ರಕಟಣೆಯಲ್ಲಿ ಸೇರಿಸಿ. ಚಿತ್ರಕಲಾ ಶಿಕ್ಷಕರು ವರ್ಷಕ್ಕೆ ನಾಲ್ಕು ಅವಧಿಗಳನ್ನಾದರೂ ಶಾಲೆಯ ಕಾಂಪೌಂಡಿನ ಹೊರಗೆ ನಡೆಸಲಿ, ಅದಕ್ಕೆ ಬೇಕಾಗುವುದು ಒಂದು ರಟ್ಟು, ಒಂದು ಹಾಳೆ, ಒಂದು ಪೆನ್ಸಿಲ್. ಹೇಮಾವತಿಯ ಹಿನ್ನೀರಿನಿಂದಾಗಿ ಊರು ಬಿಟ್ಟು ಬಂದವರಲ್ಲಿ ಹಲವರು ನನ್ನಂತೆ 65 ದಾಟಿದ್ದಾರೆ. ಅವರ ಪೈಕಿ ಯಾರಿಗಾದರೂ ಬರುವ ಏಪ್ರಿಲ್‌ನಲ್ಲಿ ಮೊಮ್ಮಕ್ಕಳೊಡನೆ ಬಂದು ತಮ್ಮ ಊರಿನ ಜಾಗದಲ್ಲಿ ಕುಳಿತು ಚಿತ್ರ ಬರೆಯುವ ಮನಸ್ಸಿದ್ದರೆ, ಬಣ್ಣ, ಹಾಳೆ, ಹಲಗೆಗಳನ್ನು ನಾನು ತರುತ್ತೇನೆ. ಹುಣಸೆಮರ ಎಲ್ಲಿತ್ತು, ಕಣ ಎಲ್ಲಿತ್ತು ಎಂದು ಅವರು ಹೇಳಿದರೆ ಚಿತ್ರದ ಹಿಂದೆ ಬರೆದುಕೊಳ್ಳಲು ನನಗೂ ಅನುಕೂಲ.

ಕೊನೆಯದಾಗಿ ಒಂದು ಮಾತು. ಮಕ್ಕಳ ಪುಟದ ಅಡಿಯಲ್ಲಿ ‘ಕಳುಹಿಸಿದ ಚಿತ್ರಗಳನ್ನು ಹಿಂದಿರುಗಿಸಲಾಗುವುದಿಲ್ಲ’ ಎಂದು ಅಚ್ಚಾಗಿತ್ತು. ಎಲ್ಲವನ್ನೂ ಕಳುಹಿಸುವುದು ಕಷ್ಟವೆಂದು ನಾನು ಬಲ್ಲೆ. ಆ ಕಾಫಿ ಕಣದ ಚಿತ್ರದ ಮೂಲ ಹಾಳೆ ನಿಮ್ಮ ಕಚೇರಿಯಲ್ಲಿ ಇನ್ನೂ ಇದ್ದರೆ, ದಯವಿಟ್ಟು ಅದನ್ನು ಆ ಮಗುವಿನ ಮನೆಗೆ ಸ್ಪೀಡ್ ಪೋಸ್ಟ್‌ನಲ್ಲಿ ಹಿಂದಕ್ಕೆ ಕಳುಹಿಸಿ, ಮಡಚದೆ, ಎರಡು ರಟ್ಟುಗಳ ನಡುವೆ ಇಟ್ಟು. ಅಂಚೆಯ ವೆಚ್ಚವನ್ನು ಈ ಪತ್ರದೊಂದಿಗೆ ಲಗತ್ತಿಸಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ,
ಹಾಸನ